ಎಂಬತ್ತರ ಕಂಠ

ರಾಕ್ ಸಂಗೀತ ಎಂಬ ಮಾತು ಕಿವಿಗೆ ಬಿದ್ದೊಡನೆ ನಮ್ಮ ಹಿರಿಯರಲ್ಲಿ ಹಲವರು ಬಾಗಿಲು ಮುಚ್ಚಿಕೊಳ್ಳುತ್ತಾರೆ. ಅದು ಹರೆಯದವರ ಗದ್ದಲ, ಬುದ್ಧಿ ಬಲಿತ ಮೇಲೆ ತಾನಾಗಿ ಬಿಟ್ಟುಹೋಗುವ ಚಟ ಎಂಬುದು ಅವರ ಮತ. ಆ ಮತಕ್ಕೆ ಆಧಾರವಿಲ್ಲದೆ ಇಲ್ಲ. ಆ ಸಂಗೀತ ಬೆಳೆದದ್ದೇ ಮೀಸೆ ಮೂಡುವ ಹುಡುಗರ ಕೈಯಲ್ಲಿ, ಹುಡುಗಿಯರ ಕೂಗಾಟದ ನಡುವೆ. ಆದರೆ ಆ ಹುಡುಗರೂ ಎಲ್ಲರ ಹಾಗೆ ಮುದುಕರಾದರಲ್ಲ! ಆಮೇಲೆ ಅವರು ಏನು ಮಾಡಿದರು, ಅವರ ಅಭಿಮಾನಿಗಳು ಅವರನ್ನು ಏನು ಮಾಡಿದರು ಎಂಬುದೇ ನಮ್ಮ ಈ ಸಲದ ಮಾತು. ಉದಾಹರಣೆಗೆ ೨೦೨೨ನೆಯ ಇಸವಿ ಜೂನ್ ೨೫, ಶನಿವಾರ ರಾತ್ರಿ ಇಂಗ್ಲೆಂಡಿನ ಒಂದು ಹೊಲದಲ್ಲಿ ಪಾಲ್ ಮೆಕಾರ್ಟ್ನಿ ಹಾಡಿದ್ದನ್ನು ತೆಗೆದುಕೊಂಡಿದ್ದೇವೆ.

ಹೊಲ ಎಂದದ್ದು ಮಾತಿನ ಅಲಂಕಾರಕ್ಕಲ್ಲ. ಸಾಮರ್ಸೆಟ್ ಸೀಮೆಯ ಪಿಲ್ಟನ್ ಎಂಬ ಹಳ್ಳಿಯಲ್ಲಿ ವರ್ದಿ ಫಾರ್ಮ್ ಎಂಬ ಹೈನಿನ ಜಮೀನಿದೆ. ಅದರ ಒಡೆಯ ಮೈಕೆಲ್ ಈವಿಸ್, ತಂದೆ ತೀರಿಕೊಂಡಾಗ ಹತ್ತೊಂಬತ್ತನೆಯ ವಯಸ್ಸಿನಲ್ಲೇ ಹಸುಗಳ ಭಾರ ಹೊತ್ತವರು. ಬಾತ್ ನಗರದ ಬಳಿ ನಡೆದ ಒಂದು ಸಂಗೀತೋತ್ಸವವನ್ನು ಕಂಡು ಮರುಳಾಗಿ, ತಮ್ಮ ಜಮೀನಿನಲ್ಲೂ ಅಂಥದೊಂದನ್ನು ೧೯೭೦ರ ಸೆಪ್ಟೆಂಬರ್ ೧೯ರಂದು ನಡೆಸಿಯೇಬಿಟ್ಟರು. ಪ್ರವೇಶಧನ ಒಂದು ಪೌಂಡು. ಬಂದವರಿಗೆಲ್ಲ ಕೊಟ್ಟಿಗೆಯ ಹಾಲು ಉಚಿತ. ಸೇರಿದ ಮಂದಿ ಸುಮಾರು ೧೫೦೦. ಗ್ಲಾಸ್ಟನ್‌ಬರಿ ಉತ್ಸವವೆಂದು ಹೆಸರಾದ ಈ ಜಾತ್ರೆಗೆ ಈಗ ಸೇರುವವರು ಸುಮಾರು ಎರಡು ಲಕ್ಷ. ಆದರೂ ಅದು ಇನ್ನೂ ಹಸು ಮೇಯುವ ನೆಲವೇ. ಕೆಲವು ವರ್ಷಕ್ಕೊಮ್ಮೆ ಉತ್ಸವವನ್ನು ನಿಲ್ಲಿಸಿ ನೆಲವನ್ನು ಬೀಳು ಬಿಡುತ್ತಾರೆ. ೨೦೧೮ ಅಂಥ ವರ್ಷವಾಗಿತ್ತು, ೨೦೨೬ ಕೂಡ ಅಂಥದೇ. ಒಕ್ಕಲು ಮನೆತನದಿಂದ ಬಂದ ನಮ್ಮ ಓದುಗರಿಗೆ ಈ ವಿವೇಕವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ಹಾಡುಗಾರ. ಮೆಕಾರ್ಟ್ನಿ ಲಿವರ್‌ಪೂಲಿನಲ್ಲಿ ೧೯೪೨ರ ಜೂನ್ ೧೮ರಂದು ಹುಟ್ಟಿದವರು. ಎಂದರೆ ನಾವು ಹೇಳುವ ರಾತ್ರಿಗೆ ಅವರಿಗೆ ಎಂಬತ್ತು ತುಂಬಿ ಒಂದು ವಾರ. ಜಾನ್ ಲೆನನ್, ಜಾರ್ಜ್ ಹ್ಯಾರಿಸನ್, ರಿಂಗೋ ಸ್ಟಾರ್ ಇವರೊಡನೆ ಕೂಡಿ ಬೀಟಲ್ಸ್ ಎಂಬ ಮೇಳವಾಗಿ ಲೋಕವನ್ನು ಕುಣಿಸಿದವರಲ್ಲಿ ಒಬ್ಬರು. ೧೯೬೮ರಲ್ಲಿ ಈ ನಾಲ್ವರೂ ಹೃಷೀಕೇಶದಲ್ಲಿ ಮಹರ್ಷಿ ಮಹೇಶ ಯೋಗಿಗಳ ಆಶ್ರಮಕ್ಕೆ ಬಂದು, ಗಂಗೆಯ ದಡದಲ್ಲಿ ಧ್ಯಾನಕ್ಕಿಂತ ಹೆಚ್ಚಾಗಿ ಹಾಡು ಕಟ್ಟಿದ ಕಥೆ ನಮ್ಮ ದೇಶದವರಿಗೆ ಗೊತ್ತಿರುವುದೇ. ೧೯೭೦ರಲ್ಲಿ ಮೇಳ ಒಡೆಯಿತು. ೧೯೮೦ರ ಡಿಸೆಂಬರ್ ೮ರಂದು ಲೆನನ್ ನ್ಯೂಯಾರ್ಕಿನಲ್ಲಿ ತಮ್ಮ ಮನೆಯ ಬಾಗಿಲಲ್ಲೇ ಗುಂಡಿಗೆ ಬಲಿಯಾದರು. ೨೦೦೧ರ ನವೆಂಬರಿನಲ್ಲಿ ಹ್ಯಾರಿಸನ್ ಕ್ಯಾನ್ಸರಿನಿಂದ ತೀರಿಕೊಂಡರು. ಇನ್ನೊಂದು ಸ್ವಾರಸ್ಯವುಂಟು. ಮುಪ್ಪಿನಲ್ಲಿ ತನ್ನನ್ನು ಯಾರು ಕೇಳುತ್ತಾರೆ ಎಂದು ತಮಾಷೆಯಾಗಿ ಕೇಳುವ ‘ವೆನ್ ಐಯಾಮ್ ಸಿಕ್ಸ್ಟಿ ಫೋರ್’ ಎಂಬ ಹಾಡಿನ ಮಟ್ಟನ್ನು ಮೆಕಾರ್ಟ್ನಿ ಹೊಸೆದದ್ದು ಇನ್ನೂ ಶಾಲೆಯ ಹುಡುಗನಾಗಿದ್ದಾಗ. ಅದು ಧ್ವನಿಮುದ್ರಿಕೆಯಾಗಿ ಹೊರಬಂದದ್ದು ೧೯೬೭ರಲ್ಲಿ. ಆ ಹುಡುಗನ ಎಣಿಕೆಯಲ್ಲಿ ಅರುವತ್ತನಾಲ್ಕೇ ಮುಪ್ಪಿನ ತುದಿ. ಅದನ್ನು ದಾಟಿ ಹದಿನಾರು ವರ್ಷವಾದ ಮೇಲೆ ಅವರು ಈ ಹೊಲಕ್ಕೆ ಹಾಡಲು ಬಂದರು.

ಬರಬೇಕಾಗಿದ್ದದ್ದು ಎರಡು ವರ್ಷ ಮೊದಲೇ. ೨೦೨೦ ಉತ್ಸವದ ಐವತ್ತನೆಯ ವರ್ಷ. ಮೆಕಾರ್ಟ್ನಿಯವರ ಹೆಸರು ಪ್ರಕಟವಾಗಿಯೂ ಆಗಿತ್ತು. ಆದರೆ ಕೋವಿಡ್ ಮಾರಿ ಬಂತು. ಆ ವರ್ಷವೂ ಮರುವರ್ಷವೂ ಜಮೀನಿನಲ್ಲಿ ಜಾತ್ರೆ ಸೇರಲಿಲ್ಲ. ೨೦೧೯ರ ಅಕ್ಟೋಬರಿನಲ್ಲಿ ಮುಂಗಡ ಕೊಟ್ಟು ಚೀಟಿ ಕಾದಿರಿಸಿದವರು ಅದನ್ನು ೨೦೨೨ರವರೆಗೆ ಜೋಪಾನ ಮಾಡಬೇಕಾಯಿತು. ಆ ಮೂವತ್ತೆರಡು ತಿಂಗಳಲ್ಲಿ ಯಾವ ಮನೆಯಲ್ಲಿ ಏನೇನಾಯಿತೆಂಬುದನ್ನು ನಾವೆಲ್ಲರೂ ಬಲ್ಲೆವು. ಹೊಲದಲ್ಲಿ ನೆರೆದವರಲ್ಲಿ ಯಾರನ್ನೋ ಕಳೆದುಕೊಂಡು ಬಂದವರು ಕಡಿಮೆ ಇರಲಾರರು. ಹಾಡುವವನ ಕಥೆಯೂ ಅದೇ ಆಗಿತ್ತು.

ದೊಡ್ಡ ರಾತ್ರಿಗೆ ಮೊದಲು, ಶುಕ್ರವಾರ, ಆ ಸೀಮೆಯ ಫ್ರೂಮ್ ಎಂಬ ಪಟ್ಟಣದಲ್ಲಿ ಸುಮಾರು ಎಂಟುನೂರು ಜನ ಹಿಡಿಸುವ ಒಂದು ಸಭಾಗೃಹದಲ್ಲಿ ಅವರು ಹಾಡಿ ಕಂಠವನ್ನು ಹದಮಾಡಿಕೊಂಡರು. ಅರುವತ್ತು ವರ್ಷ ವೇದಿಕೆ ಕಂಡವರಿಗೂ ತಾಲೀಮು ಬೇಕೆನಿಸಿತು ಎಂಬುದನ್ನು ನಮ್ಮ ಎಳೆಯ ಕಲಾವಿದರು ಗಮನಿಸಬೇಕು. ಮಾರನೆಯ ರಾತ್ರಿ ೧೯೬೪ರ ‘ಕಾಂಟ್ ಬೈ ಮೀ ಲವ್’ ಹಾಡಿನೊಂದಿಗೆ ಮೊದಲಿಟ್ಟು ಎರಡೂವರೆ ಗಂಟೆಗೂ ಮೀರಿ ಹಾಡಿದರು. ಆ ಉತ್ಸವದ ಮುಖ್ಯ ರಾತ್ರಿಯನ್ನು ಒಬ್ಬರೇ ನಡೆಸಿಕೊಟ್ಟವರಲ್ಲಿ ಅಷ್ಟು ವಯಸ್ಸಾದವರು ಅದುವರೆಗೆ ಯಾರೂ ಇರಲಿಲ್ಲ.

ನಾವು ಇದನ್ನು ನೋಡಿದ್ದು ಬಿ.ಬಿ.ಸಿ.ಯವರು ಬಿತ್ತರಿಸಿದ ಚಿತ್ರದಲ್ಲಿ. ಮುಚ್ಚುಮರೆಯಿಲ್ಲದೆ ಹೇಳುವುದಾದರೆ, ಕಂಠ ಸವೆದಿತ್ತು. ಯೌವನದಲ್ಲಿ ಲೀಲೆಯಿಂದ ಮುಟ್ಟುತ್ತಿದ್ದ ಮೇಲಿನ ಸ್ವರಗಳ ಬಳಿ ಅದು ಅಲುಗುತ್ತಿತ್ತು, ಕೆಲವು ಕಡೆ ಒಡೆಯುತ್ತಿತ್ತು. ಪತ್ರಿಕೆಗಳ ವಿಮರ್ಶಕರೂ ಇದನ್ನು ಬರೆಯದೆ ಬಿಡಲಿಲ್ಲ. ಆದರೆ ಹೋಗಿಬಂದ ಅಭಿಮಾನಿಗಳು ಹೇಳಿಕೊಳ್ಳುವ ನೆನಪುಗಳನ್ನು ನೋಡಿ. ಅವರು ಒಡೆದ ಸ್ವರದ ಲೆಕ್ಕ ಇಟ್ಟವರಲ್ಲ. ಯಾರ ಪಕ್ಕದಲ್ಲಿ ನಿಂತಿದ್ದೆವು, ಯಾವ ಹಾಡಿಗೆ ಕಣ್ಣು ತುಂಬಿತು, ಅಪ್ಪನ ತಟ್ಟೆಗಳಲ್ಲಿ ಕೇಳಿದ ಹಾಡನ್ನು ಮಗಳೊಡನೆ ಹೇಗೆ ಹಾಡಿದೆವು, ಇಂಥವೇ ಅವರ ನೆನಪುಗಳು. ನೆನಪಿನ ಜರಡಿಯ ಕಣ್ಣು ವಿಮರ್ಶೆಯ ಜರಡಿಯ ಕಣ್ಣಿನಂಥದಲ್ಲವೆಂದು ಕಾಣುತ್ತದೆ.

ಹಾಗೆಂದು ಮುದುಕನೆಂಬ ಕನಿಕರದಿಂದ ಜನ ಮಣಿದರೆಂದು ಯಾರೂ ತಿಳಿಯಬಾರದು. ಅಭಿಮಾನಿಗಳು ದಯಾಮಯರೇನೂ ಅಲ್ಲ. ಬೀಟಲ್ಸರ ಹಳೆಯ ಹಾಡು ಮೊದಲಾದರೆ ಕೈಪೆಟ್ಟಿಗೆಯ ದೂರವಾಣಿಗಳೆಲ್ಲ ಬೆಳಗಿ ಹೊಲ ನಕ್ಷತ್ರಲೋಕವಾಗುತ್ತದೆ, ಹೊಸ ಹಾಡು ತೆಗೆದರೆ ಕಗ್ಗತ್ತಲೆ. ಆದರೂ ಹೊಸದನ್ನು ಹಾಡಿಯೇ ತೀರುವೆವು ಎಂಬುದು ಮೆಕಾರ್ಟ್ನಿ ತಮ್ಮ ಸಭೆಗಳಲ್ಲಿ ಆಡುವ ನಗೆಮಾತು. ಆ ರಾತ್ರಿಯೂ ನಡುನಡುವೆ ಹೊಸ ಹಾಡುಗಳು ಬಂದವು. ಹಳೆಯದನ್ನು ಮಾತ್ರ ಕೇಳುವ ಜನಕ್ಕೆ ಬಗ್ಗಿಬಿಟ್ಟರೆ ಕಲಾವಿದ ತನ್ನದೇ ಪಳೆಯುಳಿಕೆಯಾಗುತ್ತಾನೆ. ಜನವನ್ನು ಲೆಕ್ಕಿಸದಿದ್ದರೆ ಬರಿಯ ಹಟಮಾರಿಯಾಗುತ್ತಾನೆ. ಈ ಎರಡರ ನಡುವಣ ಬದುವಿನ ಮೇಲೆ ನಡೆಯುವುದನ್ನು ಆ ಮುದುಕ ಕಲಿತಿದ್ದರು.

ಬಹು ಹಳೆಯದೊಂದನ್ನೂ ಹಾಡಿದರು. ೧೯೫೮ರಲ್ಲಿ, ಬೀಟಲ್ಸ್ ಎಂಬ ಹೆಸರೇ ಹುಟ್ಟುವ ಮೊದಲು, ಲಿವರ್‌ಪೂಲಿನ ಐವರು ಹುಡುಗರು ಕಾಸು ಕೂಡಿಸಿ ಒಂದು ಪುಟ್ಟ ಮುದ್ರಣಶಾಲೆಯಲ್ಲಿ ‘ಇನ್ ಸ್ಪೈಟ್ ಆಫ್ ಆಲ್ ದ ಡೇಂಜರ್’ ಎಂಬ ಹಾಡನ್ನು ಮುದ್ರಿಸಿದ್ದರು. ಸಿಕ್ಕಿದ್ದು ಒಂದೇ ಒಂದು ತಟ್ಟೆ. ಒಬ್ಬೊಬ್ಬರು ಒಂದೊಂದು ವಾರ ಮನೆಯಲ್ಲಿಟ್ಟುಕೊಳ್ಳುವುದೆಂದು ಒಪ್ಪಂದವಾಯಿತಂತೆ. ಆ ಒಂದೇ ತಟ್ಟೆಯ ಹಾಡಿಗೆ ಅರುವತ್ತನಾಲ್ಕು ವರ್ಷಗಳ ಬಳಿಕ ಒಂದು ಹೊಲದ ತುಂಬ ಜನ ದನಿಗೂಡಿಸಿದರು.

ಆಮೇಲೆ ಇಲ್ಲದವರು ಒಬ್ಬೊಬ್ಬರಾಗಿ ಬಂದರು. ಲೆನನ್ ತೀರಿಹೋದ ಬಳಿಕ, ಅವರೊಡನೆ ಆಡದೆ ಉಳಿದ ಮಾತುಗಳನ್ನೇ ಹಾಡಾಗಿಸಿದ ‘ಹಿಯರ್ ಟುಡೇ’ಯನ್ನು ಮೆಕಾರ್ಟ್ನಿ ಒಬ್ಬರೇ ಗಿಟಾರ್ ಹಿಡಿದು ಹಾಡಿದರು. ಹ್ಯಾರಿಸನ್ ರಚಿಸಿದ ‘ಸಮ್ಥಿಂಗ್’ ಎಂಬುದನ್ನು ಯುಕುಲೇಲಿ ಎಂಬ ಪುಟ್ಟ ತಂತಿವಾದ್ಯದ ಮೇಲೆ ಎತ್ತಿಕೊಂಡರು. ಅದು ಹ್ಯಾರಿಸನ್ ಅಚ್ಚುಮೆಚ್ಚಿನಿಂದ ನುಡಿಸುತ್ತಿದ್ದ ವಾದ್ಯ. ಅತಿಥಿಯಾಗಿ ವೇದಿಕೆಗೆ ಬಂದ ಡೇವ್ ಗ್ರೋಲ್ ಅಂದಿಗೆ ಮೂರೇ ತಿಂಗಳ ಹಿಂದೆ ತಮ್ಮ ಮೇಳದ ಡೋಲುವಾದಕ ಟೇಲರ್ ಹಾಕಿನ್ಸರನ್ನು ಕಳೆದುಕೊಂಡವರು. ಆ ಸಾವಿನ ಬಳಿಕ ಅವರು ಸಭೆಯ ಮುಂದೆ ಹಾಡಿದ್ದು ಅದೇ ಮೊದಲು. ಅಮೆರಿಕದ ಬ್ರೂಸ್ ಸ್ಪ್ರಿಂಗ್‌ಸ್ಟೀನ್ ಕೂಡ ಬಂದು ಜೊತೆಗೂಡಿದರು. ಎಪ್ಪತ್ತೆರಡರ ಅವರು ಎಂಬತ್ತರವರ ಪಕ್ಕದಲ್ಲಿ ನಿಂತು ಹುಡುಗನ ಹಾಗೆ ನಗುತ್ತಿದ್ದುದು ನೋಡುವ ಹಾಗಿತ್ತು.

ಆದರೆ ಆ ರಾತ್ರಿಯ ನೆನಪುಗಳೆಲ್ಲ ಕೊನೆಗೆ ಬಂದು ನಿಲ್ಲುವುದು ಇನ್ನೊಂದು ಗಳಿಗೆಯಲ್ಲಿ. ೧೯೬೯ರ ಜನವರಿ ೩೦ರಂದು ಬೀಟಲ್ಸರು ಲಂಡನ್ನಿನ ತಮ್ಮ ಕಚೇರಿಯ ಮಾಳಿಗೆಯ ಮೇಲೆ, ಕೊರೆಯುವ ಚಳಿಯಲ್ಲಿ ಹಾಡಿದ್ದರು. ಜನರ ಎದುರಿಗೆ ನಾಲ್ವರೂ ಕೂಡಿ ಹಾಡಿದ್ದು ಅದೇ ಕೊನೆ. ಆ ದಿನಗಳ ಚಿತ್ರಸುರುಳಿಗಳನ್ನು ಇಟ್ಟುಕೊಂಡು ಪೀಟರ್ ಜಾಕ್ಸನ್ ಎಂಬ ನಿರ್ದೇಶಕರು ೨೦೨೧ರಲ್ಲಿ ಒಂದು ಸಾಕ್ಷ್ಯಚಿತ್ರ ಮಾಡಿದರು. ಹಳೆಯ ಧ್ವನಿಪಟ್ಟಿಯಲ್ಲಿ ವಾದ್ಯವೂ ದನಿಯೂ ಕಲಸಿಹೋಗಿದ್ದವು; ಒಂದೊಂದು ದನಿಯನ್ನೂ ಗುರುತಿಸಲು ಕಂಪ್ಯೂಟರಿಗೆ ಕಲಿಸಿ, ಹಾಲು ನೀರು ಬೇರ್ಪಡಿಸುವ ಹಂಸದ ಹಾಗೆ, ಲೆನನ್ನರ ಕಂಠವನ್ನು ಬಿಡಿಯಾಗಿ ತೆಗೆದುಕೊಟ್ಟರು. ‘ಐವ್ ಗಾಟ್ ಎ ಫೀಲಿಂಗ್’ ಹಾಡಿನ ನಡುವೆ ಹಿಂದಿನ ದೊಡ್ಡ ಪರದೆಯ ಮೇಲೆ ಇಪ್ಪತ್ತೆಂಟು ವರ್ಷದ ಲೆನನ್ ಮೂಡಿ ತಮ್ಮ ಪಾಲಿನ ಸಾಲುಗಳನ್ನು ಹಾಡಿದರು. ಮೆಕಾರ್ಟ್ನಿ ಸಭೆಗೆ ಬೆನ್ನು ತಿರುಗಿಸಿ, ಪರದೆಯತ್ತ ಮುಖವೆತ್ತಿ ಗೆಳೆಯನ ದನಿಗೆ ದನಿ ಕೊಟ್ಟರು. ಸಭೆಗೆ ಬೆನ್ನು ಹಾಕುವುದು ಹಾಡುಗಾರನಿಗೆ ಸಲ್ಲದ ನಡತೆ. ಆ ಒಂದು ಗಳಿಗೆಗೆ ಮಾತ್ರ ಅದಕ್ಕಿಂತ ಸಲ್ಲುವ ನಡತೆ ಬೇರೆ ಇರಲಿಲ್ಲ. ಯಂತ್ರದ ಆಟ ಎಂದು ಇದನ್ನು ಹಳಿದವರೂ ಇರಬಹುದು. ಮನೆಯ ಗೋಡೆಯ ಮೇಲೆ ಹಿರಿಯರ ಪಟವಿಟ್ಟು ಹಬ್ಬದ ದಿನ ಹೂ ಮುಡಿಸುವ ನಮಗೆ ಅದು ವಿಚಿತ್ರವೆನಿಸಲಿಲ್ಲ.

‘ಹೇ ಜೂಡ್’ ಹಾಡನ್ನು ಮರೆಯುವಂತಿಲ್ಲ. ತಂದೆತಾಯಿ ಬೇರೆಯಾದಾಗ ಕಂಗೆಟ್ಟಿದ್ದ ಲೆನನ್ನರ ಪುಟ್ಟ ಮಗನನ್ನು ನೆನೆದು ೧೯೬೮ರಲ್ಲಿ ಮೆಕಾರ್ಟ್ನಿ ಕಟ್ಟಿದ ಸಾಂತ್ವನದ ಹಾಡು ಇದು. ಏಳು ನಿಮಿಷಕ್ಕೂ ಮೀರಿದ ಇದರ ಉತ್ತರಾರ್ಧದಲ್ಲಿ ಅರ್ಥವುಳ್ಳ ಮಾತು ಇಲ್ಲವೆಂದರೂ ಸರಿ. ನಮ್ಮ ಸೋಬಾನೆಯ ಸೊಲ್ಲಿನ ಹಾಗೆ ಬರಿಯ ಅಕ್ಷರಗಳ ಪಲ್ಲವಿ. ಅದಕ್ಕೇ ಯಾವ ಭಾಷೆಯವನೂ, ಮಾತು ಬಾರದ ಕೂಸೂ ಅದನ್ನು ಹಾಡಬಲ್ಲದು. ಹಾಡುಗಾರ ಸುಮ್ಮನಾದರೂ ಹಾಡು ನಿಲ್ಲುವುದಿಲ್ಲ. ಸವೆದ ಕಂಠಕ್ಕೆ ಉಸಿರು ಸಾಲದ ಕಡೆಯಲ್ಲೆಲ್ಲ ಆ ಹೊಲದ ಜನ ತಮ್ಮ ಉಸಿರನ್ನು ಸೇರಿಸಿದರು. ಹಿಂದೆ ಅವರು ಕೊಟ್ಟಿದ್ದನ್ನು ಆ ರಾತ್ರಿ ಇವರು ಬಡ್ಡಿಯೊಡನೆ ಹಿಂದಿರುಗಿಸಿದರು.

ಇದರಲ್ಲಿ ಹೊಸತೇನು, ನಾವು ಕಾಣದ್ದೇ ಎಂದು ಪುಣೆಯ ನಮ್ಮ ಓದುಗರು ಕೇಳಿಯಾರು. ಕೇಳಬೇಕಾದ್ದೇ. ಗದುಗಿನ ಸೀಮೆಯ ಭೀಮಸೇನ ಜೋಶಿಯವರು ತಮ್ಮ ಗುರುಗಳಾದ ಕುಂದಗೋಳದ ಸವಾಯಿ ಗಂಧರ್ವರ ನೆನಪಿಗೆಂದು ೧೯೫೩ರಲ್ಲಿ ಮೊದಲುಮಾಡಿದ ಪುಣೆಯ ಉತ್ಸವದಲ್ಲಿ, ಡಿಸೆಂಬರಿನ ಚಳಿಗೆ ಶಾಲು ಹೊದ್ದು, ಕೊನೆಯ ಗಾಯನ ಅವರದೇ ಎಂದು ಕಾದು ಕುಳಿತವರು ನಮ್ಮವರು. ಗಂಗೂಬಾಯಿ ಹಾನಗಲ್ಲರು ತೊಂಬತ್ತು ದಾಟಿದ ಮೇಲೂ ಹಾಡಿದ್ದನ್ನು ಕಂಡ ನಾಡು ನಮ್ಮದು. ಸಂಗೀತದ ಜಾತಿ ಬೇರೆ, ಮುಪ್ಪಿನ ಕಂಠವನ್ನು ಕೇಳುವ ಕಿವಿಯ ಜಾತಿ ಒಂದೇ.

ಆದರೆ ದೊಡ್ಡ ಹೆಸರುಗಳನ್ನು ಬಿಟ್ಟು ನಮ್ಮ ಸಂಘಗಳ ಅಂಗಳಕ್ಕೆ ಬರೋಣ. ರಾಜ್ಯೋತ್ಸವ, ಯುಗಾದಿ, ವಾರ್ಷಿಕೋತ್ಸವಗಳಲ್ಲಿ ನಮ್ಮ ಹಿರಿಯರಿಗೆ ನಾವು ಮಾಡುವುದೇನು? ವೇದಿಕೆಯ ಮೇಲೆ ಕರೆದು ಎತ್ತರದ ಕುರ್ಚಿಯಲ್ಲಿ ಕೂರಿಸುತ್ತೇವೆ. ಶಾಲು, ಹಾರ, ಫಲತಾಂಬೂಲ, ಬೆಳ್ಳಿಯ ಬಣ್ಣದ ತಟ್ಟೆ. ಒಂದು ಭಾವಚಿತ್ರ. ಅಲ್ಲಿಗೆ ಮುಗಿಯಿತು. ಮೂವತ್ತು ವರ್ಷದ ಹಿಂದೆ ಇದೇ ಸಂಘದ ನಾಟಕದಲ್ಲಿ ಕಂದಪದ್ಯ ಹಾಡಿದ ತಾತನನ್ನೋ, ಊರಿನಿಂದ ಹೊತ್ತು ತಂದ ಸೋಬಾನೆ, ದಾಸರ ಪದಗಳನ್ನು ಇನ್ನೂ ಮರೆಯದ ಅಜ್ಜಿಯನ್ನೋ ‘ಒಂದು ಹಾಡಿ’ ಎಂದು ಕೇಳುವವರಿಲ್ಲ. ಕೇಳಿದರೂ ‘ಹೊತ್ತಾಯಿತು, ಒಂದೇ ನುಡಿ ಸಾಕು’ ಎಂದು ಕಾರ್ಯದರ್ಶಿಗಳು ಕಿವಿಯಲ್ಲಿ ಪಿಸುಗುಟ್ಟುತ್ತಾರೆ. ಸನ್ಮಾನ ಎಂಬುದು ಎಷ್ಟೋ ವೇಳೆ ಹಿರಿಯರ ಬಾಯಿ ಕಟ್ಟುವ ಮರ್ಯಾದೆಯಾಗಿಬಿಟ್ಟಿದೆ.

ಆ ಹೊಲದ ಜನ ಎಂಬತ್ತರ ಮುದುಕನಿಗೆ ಶಾಲು ಹೊದಿಸಲಿಲ್ಲ. ಎರಡೂವರೆ ಗಂಟೆಯ ಹೊತ್ತು ಕೊಟ್ಟರು. ತಪ್ಪಿದ ಕಡೆ ತಾವು ಹಾಡಿ ತುಂಬಿಕೊಟ್ಟರು. ಪರಸ್ಥಳದಲ್ಲಿರುವ ನಮಗಂತೂ ಈ ಮಾತು ಹೆಚ್ಚು ಸಲ್ಲುತ್ತದೆ. ನಮ್ಮ ಮಕ್ಕಳು ಕನ್ನಡದ ಹಾಡನ್ನು ತೆರುವಿನಲ್ಲಿ ಕೇಳುವವರಲ್ಲ, ಶಾಲೆಯಲ್ಲಿ ಕಲಿಯುವವರಲ್ಲ. ಅವರಿಗೆ ಅದು ಸಿಕ್ಕಬೇಕಾದ್ದು ಮನೆಯ ಹಿರಿಯರ ಸವೆದ ಕಂಠದಿಂದಲೇ. ಆ ಕಂಠ ಒಡೆದರೆ ಒಡೆಯಲಿ. ಮಕ್ಕಳು ಮುಂದೆ ನೆನೆಯುವುದು ಅದನ್ನಲ್ಲ. ಮುಂದಿನ ಕಾರ್ಯಕ್ರಮದ ಪಟ್ಟಿ ಬರೆಯುವ ಬಂಧುಗಳು ಸನ್ಮಾನಕ್ಕೆ ಇಟ್ಟ ಹತ್ತು ನಿಮಿಷವನ್ನು ಅರ್ಧ ಗಂಟೆ ಮಾಡಿ, ಶಾಲಿನ ಜೊತೆಗೆ ಧ್ವನಿವರ್ಧಕವನ್ನೂ ಹಿರಿಯರ ಕೈಗೆ ಕೊಡಲಿ ಎಂದು ಕೇಳಿಕೊಳ್ಳುತ್ತೇವೆ. ಪಲ್ಲವಿ ಹೇಳಲು ನಾವೆಲ್ಲ ಇದ್ದೇವೆ.