ಹಾಸು ಯಾರದು, ಹೊಕ್ಕು ಯಾರದು?

ಜಾಝ್ ಎಂದರೆ ದೊಡ್ಡ ಹೋಟೆಲುಗಳಲ್ಲಿ ಹಣವಂತರ ಕುಣಿತಕ್ಕೆ ಬಾರಿಸುವ ಗದ್ದಲವೆಂಬ ಭಾವನೆ ನಮ್ಮಲ್ಲಿ ಬಹು ಮಂದಿಗೆ ಉಂಟು. ಅದನ್ನು ಹುಟ್ಟಿಸಿದವರು ಅಮೆರಿಕದ ಕರಿಯ ಜನ, ಗುಲಾಮರ ಮಕ್ಕಳು ಮೊಮ್ಮಕ್ಕಳು. ಆ ಸಂಗೀತದ ಒಂದೇ ಒಂದು ಹಾಡಿನ ಕಥೆಯನ್ನು ಇಲ್ಲಿ ಹೇಳುತ್ತೇನೆ. ಕೂಲಿ ಯಾರಿಗೆ, ಲಾಭ ಯಾರಿಗೆ ಎಂದು ದಿನವೂ ಲೆಕ್ಕ ಹಾಕುವವರಿಗೆ ಇದು ಕಠಿಣವಾಗದು.

ಹಾಡಿನ ಹೆಸರು ‘ಐ ಗಾಟ್ ರಿದಮ್’. 1930ರ ಅಕ್ಟೋಬರ್ ತಿಂಗಳಲ್ಲಿ ನ್ಯೂಯಾರ್ಕಿನ ಆಲ್ವಿನ್ ಥಿಯೇಟರಿನಲ್ಲಿ ‘ಗರ್ಲ್ ಕ್ರೇಜಿ’ ಎಂಬ ಸಂಗೀತ ನಾಟಕ ರಂಗಕ್ಕೇರಿತು. ಅದರಲ್ಲಿ ಎಥೆಲ್ ಮರ್ಮನ್ ಎಂಬ ಹೊಸ ನಟಿ ಇದನ್ನು ಹಾಡಿ ಹೆಸರಾದಳು. ಸ್ವರ ಹಾಕಿದವನು ಜಾರ್ಜ್ ಗರ್ಶ್ವಿನ್, ಮಾತು ಬರೆದವನು ಅವನ ಅಣ್ಣ ಐರಾ. ರಷ್ಯದಿಂದ ವಲಸೆ ಬಂದ ಯೆಹೂದ್ಯರ ಮಕ್ಕಳು. ಜಾರ್ಜ್ 15ನೆಯ ವಯಸ್ಸಿಗೇ ಶಾಲೆ ಬಿಟ್ಟು, ಹಾಡು ಅಚ್ಚು ಹಾಕಿ ಮಾರುವವರಲ್ಲಿ ಗಿರಾಕಿಗಳೆದುರು ಪಿಯಾನೋ ಬಾರಿಸುವ ಸಂಬಳಕ್ಕೆ ನಿಂತವನು. ಹಾರ್ಲೆಮ್ಮಿನ ಕರಿಯ ಪಿಯಾನೋ ವಾದಕರನ್ನು ಕಿವಿಗೊಟ್ಟು ಕೇಳಿದವನು.

ಹಾಡಿನ ಕಟ್ಟು ಸರಳ. ನಾಲ್ಕು ಎಣಿಕೆಗೆ ಒಂದು ಅಳತೆ. ಎಂಟು ಅಳತೆಗೆ ಒಂದು ಖಂಡ. ನಾಲ್ಕು ಖಂಡಕ್ಕೆ ಒಂದು ಸುತ್ತು. ಒಂದು, ಎರಡು, ನಾಲ್ಕನೆಯ ಖಂಡಗಳು ಒಂದೇ ಬಗೆ. ಮೂರನೆಯದು ಮಾತ್ರ ಬೇರೆ. ಮೂಲದಲ್ಲಿ ಕೊನೆಗೆ ಎರಡು ಅಳತೆಯ ಬಾಲವಿತ್ತು. ವಾದಕರು ಅದನ್ನು ಕತ್ತರಿಸಿ 34ನ್ನು 32 ಮಾಡಿಕೊಂಡರು. ರಾಗದ ಎಳೆಯ ಕೆಳಗೆ ಮೂರು ನಾಲ್ಕು ಸ್ವರಗಳನ್ನು ಒಟ್ಟಿಗೆ ಹಿಡಿಯುವ ಗುಚ್ಛಗಳ ಸಾಲೊಂದು ನಡೆಯುತ್ತದೆ. ನಮ್ಮ ಸ್ವರಗಳಲ್ಲಿ ಹೇಳುವುದಾದರೆ ಮೊದಲ ಖಂಡದಲ್ಲಿ ಸ, ಧ, ರಿ, ಪ ಎಂದು ಬೇಗ ಬೇಗ ಸುತ್ತಿ ಮನೆಗೆ ಬರುತ್ತದೆ. ಮೂರನೆಯದರಲ್ಲಿ ಗ, ಧ, ರಿ, ಪ ಎಂದು ಒಂದೊಂದರಲ್ಲಿ ಎರಡೆರಡು ಅಳತೆ ನಿಂತು, ದೂರದಿಂದ ನಡೆದು ಸಕ್ಕೆ ಸೇರುತ್ತದೆ.

ಗಿರಣಿಯವರಿಗೆ ತಿಳಿಯುವಂತೆ ಹೇಳಬೇಕಾದರೆ ಆ ಗುಚ್ಛಗಳೇ ಹಾಸು, ರಾಗವೇ ಹೊಕ್ಕು. ಜಾಝ್ ವಾದಕರು ಗರ್ಶ್ವಿನ್ನನ ಹೊಕ್ಕನ್ನು ಬಿಚ್ಚಿಹಾಕಿ, ಅದೇ ಹಾಸಿನ ಮೇಲೆ ತಮ್ಮ ನೂಲು ನೇಯ್ದರು. ಡ್ಯೂಕ್ ಎಲಿಂಗ್ಟನ್ 1940ರಲ್ಲಿ ‘ಕಾಟನ್ ಟೇಲ್’ ಮಾಡಿದ. ಅದರಲ್ಲಿ ಬೆನ್ ವೆಬ್‌ಸ್ಟರನ ಸ್ಯಾಕ್ಸೊಫೋನನ್ನು ಕೇಳಿಯೇ ತಿಳಿಯಬೇಕು. ಚಾರ್ಲಿ ಪಾರ್ಕರ್, ಡಿಝಿ ಗಿಲೆಸ್ಪಿ ‘ಆಂಥ್ರಪಾಲಜಿ’ ಕಟ್ಟಿದರು. ಸೊನ್ನಿ ರಾಲಿನ್ಸ್ 1954ರಲ್ಲಿ ‘ಓಲಿಯೋ’ ಧ್ವನಿಮುದ್ರಿಸಿದ.

ಇನ್ನೊಬ್ಬನ ಹಾಸಿನ ಮೇಲೆ ನೇಯ್ದು ಮಾರುವುದು ಕಳವಲ್ಲವೇ ಎಂದು ವ್ಯಾಪಾರಿ ಬಂಧುಗಳು ಕೇಳಬಹುದು. ಅಲ್ಲವೆಂದೇ ನನ್ನ ಉತ್ತರ. ಗಾದಿಂದ ಸುತ್ತಿ ಮನೆಗೆ ಬರುವ ಆ ನಡೆ ಗರ್ಶ್ವಿನ್ನನಿಗಿಂತ ಹಳೆಯದು. ಊರ ಬಾವಿಯ ನೀರು. ಅಲ್ಲಿನ ಕಾನೂನೂ ರಾಗಕ್ಕೆ, ಮಾತಿಗೆ ಒಡೆತನ ಕೊಡುತ್ತದೆಯೇ ವಿನಾ ಇಂತಹ ಸಾಮಾನ್ಯ ಗುಚ್ಛಗಳ ಸಾಲಿಗೆ ಕೊಡುವುದಿಲ್ಲ. ಆದರೆ ಇದರಲ್ಲೊಂದು ಜಾಣತನ ಉಂಟು. ಹೊಸ ರಾಗವಾದರೆ ಹಳೆಯ ಹಾಡಿನ ಒಡೆಯನಿಗೆ ಗೌರವಧನ ಕೊಡಬೇಕಾಗಿಲ್ಲ. ಸಣ್ಣ ರೆಕಾರ್ಡು ಕಂಪೆನಿಗಳಿಗೆ ಇದು ಬಹಳ ರುಚಿಸಿತು. ಉಳಿದ ಹಣವೆಲ್ಲ ಊದಿದವನ ಜೇಬಿಗೇ ಬಿತ್ತೆಂದು ಯಾರೂ ತಿಳಿಯಬೇಡಿರಿ.

ವಾದಕರೂ ಕೈಕಟ್ಟಿ ಕುಳಿತಿರಲಿಲ್ಲ. 1942ರ ಆಗಸ್ಟ್ 1ರಿಂದ ಅವರ ಸಂಘ, ಪೆಟ್ರಿಲೋ ಎಂಬವನ ನಾಯಕತ್ವದಲ್ಲಿ, ಧ್ವನಿಮುದ್ರಣವನ್ನೇ ನಿಲ್ಲಿಸಿತು. ಒಮ್ಮೆ ನುಡಿಸಿದ್ದನ್ನು ತಟ್ಟೆಯಲ್ಲಿ ತುಂಬಿ ಸಾವಿರ ಸಲ ತಿರುಗಿಸಿದರೆ ನುಡಿಸುವವನಿಗೆ ಕೆಲಸವೆಲ್ಲಿ? ಮಾರಿದ ತಟ್ಟೆಗೆ ಇಷ್ಟೆಂದು ನಿರುದ್ಯೋಗಿ ವಾದಕರ ನಿಧಿಗೆ ಕೊಡಿರಿ ಎಂಬುದು ಬೇಡಿಕೆ. ಯುದ್ಧಕಾಲ, ಅಧ್ಯಕ್ಷ ರೂಸ್ವೆಲ್ಟನೇ ಕೇಳಿಕೊಂಡರೂ ಪೆಟ್ರಿಲೋ ಬಗ್ಗಲಿಲ್ಲ. ಡೆಕ್ಕಾ ಕಂಪೆನಿ 1943ರಲ್ಲಿ ಒಪ್ಪಿತು. ವಿಕ್ಟರ್, ಕೊಲಂಬಿಯಾ 1944ರ ನವೆಂಬರಿನಲ್ಲಿ. ಪಾರ್ಕರನ ಹೊಸ ಸಂಗೀತ ಹಾರ್ಲೆಮ್ಮಿನ ಮಿಂಟನ್ಸ್‌ನಂತಹ ಕ್ಲಬ್ಬುಗಳಲ್ಲಿ ಬೆಳೆದ ಆ ಎರಡು ವರ್ಷಗಳ ತಟ್ಟೆಗಳು ವಿರಳ. ಕಾರಣ ಈ ಮುಷ್ಕರ.

ಹಾಡಿನ ಒಡೆತನಕ್ಕೆ ಅಮೆರಿಕದ ಕಾನೂನು ಕೊಟ್ಟದ್ದು 95 ವರ್ಷ. 2025ರ ಕೊನೆಗೆ ತೀರುವ ಲೆಕ್ಕ. ಅಲ್ಲಿಯ ಸಾಧಾರಣ ರೇಡಿಯೋದಲ್ಲಿ ತಟ್ಟೆ ತಿರುಗಿದಾಗ ಹಾಡು ಕಟ್ಟಿದವನಿಗೆ, ಅಚ್ಚು ಹಾಕಿದವನಿಗೆ ಹಣ ಸಲ್ಲುತ್ತದೆ. ಊದಿದವನಿಗೆ, ಬಾರಿಸಿದವನಿಗೆ ಕಾನೂನು ಇಂದಿಗೂ ಒಂದು ಕಾಸನ್ನೂ ಗೊತ್ತುಮಾಡಿಲ್ಲ.