ಅಂಗುಲಿಮಾಲನ ತಲೆಗಾಯ

ಬೇಡನೊಬ್ಬ ವಾಲ್ಮೀಕಿಯಾದ ಕಥೆ ಕೇಳಿಯೇ ನಾವೆಲ್ಲ ಬೆಳೆದದ್ದು. ಹುತ್ತ ಬೆಳೆಯಿತು, ರಾಮಾಯಣ ಹುಟ್ಟಿತು, ಕಥೆ ಮುಗಿಯಿತು. ಅವನು ಅಡ್ಡಗಟ್ಟಿ ಹೊಡೆದವರ ಮನೆಯಲ್ಲಿ ಆಮೇಲೆ ಏನಾಯ್ತು ಅಂತ ಯಾರೂ ಅಜ್ಜಿಯನ್ನು ಕೇಳಲಿಲ್ಲ.

ಪುಣೆಯಲ್ಲಿದ್ದುಕೊಂಡು ಆ ಪ್ರಶ್ನೆ ತಪ್ಪಿಸಿಕೊಳ್ಳುವುದು ಕಷ್ಟ. 1976ರ ಜನವರಿಯಿಂದ 1977ರ ಮಾರ್ಚಿನವರೆಗೆ ಈ ಊರಿನಲ್ಲಿ ಹತ್ತು ಕೊಲೆಗಳಾದವು. ಕೊಂದವರು ಅಭಿನವ ಕಲಾ ಮಹಾವಿದ್ಯಾಲಯದಲ್ಲಿ ಚಿತ್ರಕಲೆ ಕಲಿಯುತ್ತಿದ್ದ ಹುಡುಗರು. ಹೆಚ್ಚುಕಡಿಮೆ ನಮ್ಮದೇ ವಯಸ್ಸು. ಮೊದಲು ಸತ್ತವನು ಅವರ ಸಹಪಾಠಿ, ಹೋಟೆಲಿನವರ ಮಗ. ಸಂಸ್ಕೃತ ವ್ಯಾಕರಣದ ಕೋಶ ಬರೆದ ವೃದ್ಧ ಪಂಡಿತ ಕಾಶೀನಾಥಶಾಸ್ತ್ರಿ ಅಭ್ಯಂಕರರನ್ನೂ ಬಿಡಲಿಲ್ಲ, ಅವರ ಮನೆಗೆಲಸದಾಕೆಯನ್ನೂ ಬಿಡಲಿಲ್ಲ.

ಆ ನಾಲ್ವರಲ್ಲಿ ಒಬ್ಬ, ಮುನವ್ವರ್ ಶಾಹ, ಜೈಲಿನಲ್ಲಿ ಆತ್ಮಕಥೆ ಬರೆದ. ಹೆಸರು ‘ಯೆಸ್, ಐ ಆಮ್ ಗಿಲ್ಟಿ’. 1983ರ ನವೆಂಬರ್ 27ರಂದು ನಾಲ್ವರನ್ನೂ ಯೆರವಾಡಾದಲ್ಲಿ ಗಲ್ಲಿಗೇರಿಸಿದರು. ಇದೇ ಜೈಲಿನಿಂದ 1930ರಲ್ಲಿ ಆಶ್ರಮಕ್ಕೆ ಪತ್ರ ಬರೆಯುವಾಗ ಗಾಂಧೀಜಿ ಇದನ್ನು ‘ಮಂದಿರ’ ಎನ್ನುತ್ತಿದ್ದರು!

2019ರಲ್ಲಿ ಮಹಾರಾಷ್ಟ್ರದ್ದೇ ಇನ್ನೊಂದು ಪ್ರಕರಣ. ಮಗುವನ್ನು ಕೊಂದು ಗಲ್ಲುಶಿಕ್ಷೆಗೆ ಗುರಿಯಾದವನು ಜೈಲಿನಲ್ಲೇ ಬಿ.ಎ. ಮಾಡಿದ್ದ, ಕವಿತೆ ಬರೆದಿದ್ದ. ಆ ಕವಿತೆಗಳಲ್ಲಿ ಪಶ್ಚಾತ್ತಾಪ ಕಂಡು ಸುಪ್ರೀಂ ಕೋರ್ಟು ಶಿಕ್ಷೆಯನ್ನು ಜೀವಾವಧಿಗೆ ಇಳಿಸಿತು.

ನನ್ನ ರೂಮ್‌ಮೇಟ್ ಬಿಜಾಪುರದವನು. “ಹಗ್ಗ ಕಣ್ಣಮುಂದ ತೂಗಾಕತ್ರ ಯಾರಿಗೆ ದೇವರು ನೆನಪಾಗೂದಿಲ್ಲೋ?” ಅಂದ. ಇರಬಹುದು. ಪಶ್ಚಾತ್ತಾಪ ನಿಜವೋ ನಾಟಕವೋ ಎಂದು ತೂಗುವ ತಕ್ಕಡಿ ನನ್ನ ಹತ್ತಿರವಂತೂ ಇಲ್ಲ. ಕೋರ್ಟಿನ ಹತ್ತಿರ ಇದೆಯೇ? ಕವಿತೆ ಬರೆಯಲು ಬಾರದ ಕೈದಿಯ ಗತಿ ಏನು?

ನನಗೆ ವಾಲ್ಮೀಕಿಗಿಂತ ಅಂಗುಲಿಮಾಲನೇ ಹತ್ತಿರ. ಭಿಕ್ಷುವಾದ ಮೇಲೂ ಶ್ರಾವಸ್ತಿಯ ಬೀದಿಯಲ್ಲಿ ಅವನಿಗೆ ಕಲ್ಲೇಟು ಬಿತ್ತು. ತಲೆ ಒಡೆದು, ಭಿಕ್ಷಾಪಾತ್ರೆ ಚೂರಾಗಿ, ರಕ್ತ ಸುರಿಸುತ್ತ ಬಂದವನಿಗೆ ಬುದ್ಧ ಹೇಳಿದ್ದು ಇಷ್ಟೇ: ತಾಳಿಕೋ. ಊರಿನವರ ಬಳಿಗೆ ಹೋಗಿ ‘ಇವನೀಗ ಒಳ್ಳೆಯವನು, ಕ್ಷಮಿಸಿಬಿಡಿ’ ಅನ್ನಲಿಲ್ಲ. ಹಾಗಂತ ಅವನನ್ನು ರಾಜನ ಕೈಗೂ ಒಪ್ಪಿಸಲಿಲ್ಲ.

ಆದ್ದರಿಂದಲೇ ನಾನು ಗಲ್ಲು ಬೇಡ ಅನ್ನುವುದು. ಕೈದಿ ಒಳ್ಳೆಯವನಾಗಿದ್ದಾನೆ ಅಂತಲ್ಲ. ಮಾಡಿದ್ದನ್ನು ಹೊತ್ತುಕೊಂಡು ಬದುಕಬೇಕಾದವನನ್ನು ಹಗ್ಗ ಒಂದೇ ಬೆಳಿಗ್ಗೆ ಬಿಡುಗಡೆ ಮಾಡಿಬಿಡುತ್ತದೆ.

“ಸತ್ತವರ ಮನಿಗೆ ಹೋಗಿ ಹೇಳ್ತೀ ಏನು ಇದನ್ನ?” ಅಂದ ರೂಮ್‌ಮೇಟ್.

ಇಲ್ಲ. ಅಷ್ಟು ಧೈರ್ಯ ನನಗಿಲ್ಲ.