ಕೋಳಿ ಕದ್ದವಳು ಅಜ್ಜಿ, ಊರು ಬಿಟ್ಟವರು ಯಾರು?

ತನ್ನ ಕೋಳಿ ಕೂಗದಿದ್ದರೆ ಊರಿಗೆ ಬೆಳಗೇ ಆಗುವುದಿಲ್ಲ ಎಂದು ಜಂಬ ಪಟ್ಟ ಅಜ್ಜಿಯ ಕಥೆ ನಿಮಗೆ ಗೊತ್ತೇ ಇದೆ. ಸಿಟ್ಟು ಬಂದು ಅವಳು ಕೋಳಿ ಎತ್ತಿಕೊಂಡು ಊರು ಬಿಡುತ್ತಾಳೆ. ಮರುದಿನ ಸೂರ್ಯ ತನ್ನ ಪಾಡಿಗೆ ತಾನು ಹುಟ್ಟುತ್ತಾನೆ. ನಾವೆಲ್ಲ ಅಜ್ಜಿಯನ್ನು ನೋಡಿ ನಕ್ಕು ಬೆಳೆದವರು.

ಈ ಕಥೆಯ ಎಳೆ ಹಿಡಿದ ಕನ್ನಡದ ವಿದ್ಯಾರ್ಥಿ ಚಿತ್ರವೊಂದು 2024ರಲ್ಲಿ ಫ್ರಾನ್ಸಿನ ಕಾನ್ ಚಿತ್ರೋತ್ಸವಕ್ಕೆ ಹೋಯಿತು. ಮೈಸೂರಿನಲ್ಲಿ ವೈದ್ಯಕೀಯ ಓದಿ, ಆಮೇಲೆ ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟ್ ಸೇರಿದ ಚಿದಾನಂದ ನಾಯಕ್ ಅದರ ನಿರ್ದೇಶಕರು. ಹೆಸರು 'ಸನ್‌ಫ್ಲವರ್ಸ್ ವರ್ ದಿ ಫಸ್ಟ್ ಒನ್ಸ್ ಟು ನೋ'. ನಾಲ್ಕೇ ದಿನ ಶೂಟಿಂಗ್, ಹದಿನಾರು ನಿಮಿಷದ ಸಿನಿಮಾ. ವಿದ್ಯಾರ್ಥಿಗಳ ವಿಭಾಗಕ್ಕೆ ಜಗತ್ತಿನ ಎಲ್ಲ ಕಡೆಯಿಂದ ಬಂದ 2,263 ಚಿತ್ರಗಳಲ್ಲಿ 18 ಆಯ್ಕೆಯಾದವು. ಅದರಲ್ಲಿ ಮೊದಲ ಬಹುಮಾನ ನಮ್ಮ ಅಜ್ಜಿಯ ಕೋಳಿಗೆ ಬಂತು.

ಹೆಮ್ಮೆ ನಮಗೂ ಇದೆ. ಆದರೆ ಹಳ್ಳಿಯ ವರದಿಗಾರರಾದ ನಮ್ಮ ಪ್ರಶ್ನೆ ಬೇರೆ. ಈ ಚಿತ್ರದ ಊರಲ್ಲಿ ಯಾರಿದ್ದಾರೆ?

ಚಿತ್ರದಲ್ಲಿ ಕಥೆ ತಿರುಗಿದೆ. ಅಜ್ಜಿ ಊರಿನ ಕೋಳಿ ಕದಿಯುತ್ತಾಳೆ, ಊರು ನಿಜಕ್ಕೂ ಕತ್ತಲಾಗುತ್ತದೆ. ಅಂದರೆ ಅಜ್ಜಿಯ ಮಾತೇ ಖರೆ! ಯಾರೂ ಲೆಕ್ಕಕ್ಕೆ ಇಟ್ಟುಕೊಳ್ಳದ ಮುದುಕಿಯ ಕೈಗೆ ಇಡೀ ಊರಿನ ಬೆಳಕು ಸಿಗುತ್ತದೆ. ಈ ತಿರುವು ನಮಗೆ ಬಹಳ ಹಿಡಿಸಿತು. ಮುಂದೆ ಕೋಳಿ ಮರಳಿ ತರಲು ಭವಿಷ್ಯವಾಣಿಯ ಮೊರೆ ಹೋಗುತ್ತಾರೆ, ಅಜ್ಜಿಯ ಮನೆಯವರು ಊರು ಬಿಡಬೇಕಾಗುತ್ತದೆ. ಒಬ್ಬರು ಮಾಡಿದ್ದಕ್ಕೆ ಮನೆಮಂದಿಗೆಲ್ಲ ಶಿಕ್ಷೆ.

ಬೆಳಗಾವಿ ಜಿಲ್ಲೆಯವರಾದ ನಮಗೆ ಇದು ಬರೀ ಜಾನಪದ ಅಲ್ಲ. 2023ರ ಡಿಸೆಂಬರ್‌ನಲ್ಲಿ ಹೊಸ ವಂಟಮುರಿಯಲ್ಲಿ, ಮಗ ಪ್ರೀತಿಸಿದ ಹುಡುಗಿಯ ಜೊತೆ ಹೋದನೆಂಬ ಸಿಟ್ಟಿಗೆ ತಾಯಿಯನ್ನು ಬೆತ್ತಲೆ ಮಾಡಿ ಕಂಬಕ್ಕೆ ಕಟ್ಟಿದರು. ಹೈಕೋರ್ಟ್ ತಾನಾಗಿಯೇ ಪ್ರಕರಣ ಕೈಗೆತ್ತಿಕೊಂಡಿತು. ಹೊಡೆದವರನ್ನಷ್ಟೇ ಅಲ್ಲ, ಸುಮ್ಮನೆ ನಿಂತು ನೋಡಿದ ಊರನ್ನೂ ಅದು ಪ್ರಶ್ನಿಸಿತು.

ಸಿನಿಮಾಗಳು ತಪ್ಪುವುದು ಇಲ್ಲೇ. ಪರದೆಯ ಮೇಲೆ 'ಊರು' ಅಂದರೆ ಒಂದೇ ಮುಖದ ಗುಂಪು. ಒಟ್ಟಿಗೆ ಓಡುತ್ತದೆ, ಒಟ್ಟಿಗೆ ಕೂಗುತ್ತದೆ. ಗುಂಜಿ ಸ್ಟೇಷನ್ನಿನಲ್ಲಿ ಸ್ವಲ್ಪ ಹೊತ್ತು ನಿಂತು ನೋಡಿ. ಒಂದು ಬೆಂಚಿನಲ್ಲಿ ಮರಾಠಿ, ಇನ್ನೊಂದರಲ್ಲಿ ಕನ್ನಡ, ನಡುವೆ ಕೊಂಕಣಿ. ನಮ್ಮ ಖಾನಾಪುರ ತಾಲೂಕಿನ ಕಾಡಂಚಿನಲ್ಲಿ ಗೌಳಿಗರಿದ್ದಾರೆ, ಸಿದ್ದಿಗಳಿದ್ದಾರೆ. ಕ್ಯಾಮೆರಾ ಬಂದಾಗ ಮಾತ್ರ ಗೌಳಿಗನ ಕೈಗೆ ಕೋಲು, ಸಿದ್ದಿಯ ಕೈಗೆ ಡಮಾಮಿ. "ಸ್ವಲ್ಪ ಕುಣೀರಿ" ಅಂದರೆ ಅವರ ಪಾತ್ರ ಮುಗೀತು.

ಅವರ ಬದುಕಿನಲ್ಲಿ ಕಥೆ ಇಲ್ಲವೇ? ಉತ್ತರ ಕನ್ನಡದ ಸಿದ್ದಿಗಳು 2003ರಲ್ಲಿ ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದರು. ಬೆಳಗಾವಿ, ಧಾರವಾಡ ಜಿಲ್ಲೆಯವರು ಸೇರಿದ್ದು 2020ರಲ್ಲಿ. ಹಳಿಯಾಳದ ಕಡೆಯ ಸಿದ್ದಿ ಹುಡುಗಿಗೆ ಸಿಕ್ಕ ಸರ್ಟಿಫಿಕೇಟು, ಗಡಿಯ ಈಚೆ ಖಾನಾಪುರದಲ್ಲಿರುವ ಅವಳ ನೆಂಟರ ಹುಡುಗಿಗೆ ಹದಿನೇಳು ವರ್ಷ ಸಿಗಲಿಲ್ಲ. ಹದಿನಾರು ನಿಮಿಷದ ಸಿನಿಮಾಕ್ಕೆ ಇದಕ್ಕಿಂತ ಕಥೆ ಬೇಕೇ?

ಒಳಗಿನವರೇ ಕ್ಯಾಮೆರಾ ಹಿಡಿದರೆ ಏನಾಗುತ್ತದೆ ಅನ್ನುವುದಕ್ಕೆ ಪಕ್ಕದ ಮಹಾರಾಷ್ಟ್ರದ ನಾಗರಾಜ ಮಂಜುಳೆ ಸಾಕ್ಷಿ. ವಡ್ಡರ ಸಮುದಾಯದಿಂದ ಬಂದ ಅವರು ಓದುವಾಗಲೇ ಮಾಡಿದ 'ಪಿಸ್ತುಲ್ಯಾ' ರಾಷ್ಟ್ರಪ್ರಶಸ್ತಿ ಪಡೆಯಿತು. ಶಾಲೆಗೆ ಹೋಗುವ ಆಸೆಯ ಹುಡುಗ ಕಳ್ಳತನಕ್ಕೆ ಇಳಿಯಬೇಕಾದ ಕಥೆ ಅದು. ಕಳ್ಳನ ಹಣೆಪಟ್ಟಿ ಹೊತ್ತ ಹುಡುಗನ ಆಸೆಯನ್ನು ಅವರು ಮೊದಲು ತೋರಿಸಿದರು.

ಇಷ್ಟು ಸಣ್ಣ ಚಿತ್ರದಲ್ಲಿ ಎಲ್ಲ ಜಾತಿ, ಎಲ್ಲ ಭಾಷೆ ಹೇಗೆ ತೋರಿಸೋದು ಎಂದು ಕೇಳುವವರಿದ್ದಾರೆ. ನಾವು ತಲೆ ಎಣಿಸಿ ಎನ್ನುತ್ತಿಲ್ಲ. ಇಬ್ಬರನ್ನೇ ತೋರಿಸಿ, ಆದರೆ ಅವರಿಗೊಂದು ಹೆಸರು, ಒಂದು ಕೆಲಸ, ಒಂದು ಆಸೆ ಕೊಡಿ.

ಈಗ ಕ್ಯಾಮೆರಾ ನಿಮ್ಮ ಕಿಸೆಯಲ್ಲೇ ಇದೆ. ಕಾಲೇಜಿನ ತಮ್ಮ-ತಂಗಿಯರಿಗೆ ನಮ್ಮದು ಮೂರೇ ಮಾತು. ರೆಕಾರ್ಡ್ ಒತ್ತುವ ಮೊದಲು ಎದುರಿಗಿರುವವರಿಗೆ ಏನು ಹೇಳಬೇಕಿದೆ ಎಂದು ಕೇಳಿ. ಅವರ ಮಾತು ಅವರ ಭಾಷೆಯಲ್ಲೇ ಇರಲಿ, ಕೆಳಗೆ ಕನ್ನಡದಲ್ಲಿ ಬರೆದರೆ ಸಾಕು. ಸ್ಪರ್ಧೆಗೆ ಕಳಿಸುವ ಮೊದಲು ಅದೇ ಓಣಿಯಲ್ಲಿ, ಅವರ ಮುಂದೆಯೇ ತೋರಿಸಿ. ಅವರು ತಲೆ ತಗ್ಗಿಸಿದರೆ ಮತ್ತೆ ಎಡಿಟಿಂಗ್‌ಗೆ ಕೂತ್ಕೊಳ್ಳಿ.

ಮುಂದಿನ ಚಿತ್ರ ಗುಂಜಿಯದ್ದೇ ಆಗಲಿ. ಅದರೊಳಗೆ ಊರವರ ಗುಂಪಿನಿಂದ ಒಬ್ಬರಾದರೂ ಮುಂದೆ ಬಂದು, "ಯವ್ವಾ, ಕೋಳಿ ಯಾಕ ಕದ್ದಿ?" ಅಂತ ಅಜ್ಜಿಯನ್ನು ಕೇಳಲಿ.